ಭಟ್ಟರ ಹೋಟೆಲ್, ಜಾಲಹಳ್ಳಿ: ಒಂದು ನಿಷ್ಪಕ್ಷಪಾತ ವಿಮರ್ಶೆ

ವಿದ್ಯಾರ್ಥಿ ಭವನದ ದೋಸೆ, ಎಂ.ಟಿ.ಆರ್.ನ ರವೆ ಇಡ್ಲಿ, ಸಿ.ಟಿ.ಆರ್.ನ ಬೆಣ್ಣೆ ಮಸಾಲೆ... ಇವುಗಳ ಬಗ್ಗೆ ಬರೆಯೋರಿಗೆ ಬೆಂಗಳೂರಿನಲ್ಲಿ ಯಾವತ್ತೂ ಬರ ಬಂದಿಲ್ಲ. ಆದರೆ ಪೀಣ್ಯದ ಲಾರಿಗಳ ಹೊಗೆ ಕುಡಿದು, ತುಮಕೂರು ರಸ್ತೆಯಿಂದ ಒಳಗೆ ತಿರುಗಿ, ಜಾಲಹಳ್ಳಿಯ ಒಂದು ಎರಡನೇ ಮಹಡಿ ಹತ್ತಿ ಅಲ್ಲಿನ ಸಾರಿನ ಬಗ್ಗೆ ಇದುವರೆಗೂ ಯಾರೂ ಬರೆದಿಲ್ಲ. ಕನ್ನಡ ಸಾಹಿತ್ಯದ ಈ ದೊಡ್ಡ ಕೊರತೆಯನ್ನು ನೀಗಿಸಲು ಈ ಬರಹ.

ಮೊದಲೇ ಹೇಳಿಬಿಡ್ತೀನಿ, ಇದು ಬೋರ್ಡ್ ಇರುವ ಹೋಟೆಲ್ ಅಲ್ಲ. ನನ್ನ ಗೆಳೆಯನ ಬಾಡಿಗೆ ಮನೆ. ಹೆಸರು ಬರೆದರೆ ನನ್ನ ತಟ್ಟೆಗೆ ಮಾತ್ರ ಉಪ್ಪು ಜಾಸ್ತಿ ಬೀಳುತ್ತೆ, ಹಾಗಾಗಿ ಭಟ್ಟ ಅಂತ ಇಟ್ಕೊಳ್ಳಿ. ಶಿರಸಿ ಕಡೆಯವನು. ಎರಡು ವರ್ಷದಿಂದ ವಾರಕ್ಕೆ ಮೂರು ರಾತ್ರಿ ನನ್ನ ಊಟ ಅಲ್ಲೇ. ಆದ್ದರಿಂದ ಮೇಲಿನ 'ನಿಷ್ಪಕ್ಷಪಾತ' ಅನ್ನೋ ಪದವನ್ನು ಉಪ್ಪಿನಕಾಯಿ ಥರ ಸ್ವಲ್ಪವೇ ನಂಜಿಕೊಳ್ಳಿ :-)

ವಾತಾವರಣ:
ಒಟ್ಟು ನಾಲ್ಕು ಜನಕ್ಕೆ ಜಾಗ. ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಚಾಪೆ, ಒಂದು ವಾಷಿಂಗ್ ಮಷೀನ್ (ಅದು ಓಡದೇ ಇರುವಾಗ ಮಾತ್ರ). ಬಾಲ್ಕನಿಯಲ್ಲಿ ಒಂದು ಬಕೆಟ್ ತುಂಬ ದೊಡ್ಡಪತ್ರೆ ಬೆಳೆದಿದೆ, ಅದೇ ಗಾರ್ಡನ್ ವ್ಯೂ. ಲೈವ್ ಮ್ಯೂಸಿಕ್ ಕುಕ್ಕರಿನದು.

ಸರ್ವೀಸ್:
ಎಂಟಕ್ಕೆ ಬಾ ಅಂದರೆ ತಟ್ಟೆ ಮುಂದೆ ಬರೋದು ಒಂಬತ್ತೂವರೆಗೆ. ಇಡೀ ದೇಶಕ್ಕೆ ಟೈಮ್ ತೋರಿಸಿದ ಊರಪ್ಪಾ ಇದು! 1961ರಲ್ಲಿ ಎಚ್‌ಎಂಟಿಯವರು ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಕೈಗಡಿಯಾರ ಮಾಡಲು ಶುರು ಮಾಡಿದ್ದು ಇದೇ ಜಾಲಹಳ್ಳಿಯಲ್ಲಿ. ಎಚ್‌ಎಂಟಿ ವಾಚಸ್ ಬಾಗಿಲು ಹಾಕಿದ್ದು 2016ರಲ್ಲಿ. ಭಟ್ಟನ ಅಡುಗೆಮನೆಯ ಗಡಿಯಾರ ಅದಕ್ಕೂ ಎಷ್ಟೋ ಮೊದಲೇ ನಿಂತಿರಬೇಕು.

ಮೆನು:
ಇಲ್ಲ. 'ಏನಿದೆ?' ಅಂತ ಕೇಳಿದರೆ 'ಎಂತ ಮಾಡಿದ್ನೋ ಅದು ಇದೆ' ಅನ್ನೋ ಉತ್ತರ ಸಿಗುತ್ತದೆ. ಆದರೂ ಈ ಮೂರನ್ನು ಶಿಫಾರಸು ಮಾಡ್ತೀನಿ.

ಒಂದು, ಅಪ್ಪೆಹುಳಿ. ಊರಿಂದ ಹುಳಿ ಮಾವಿನಕಾಯಿ ಬಂದ ವಾರ ಮಾತ್ರ. ಬೇಯಿಸಿ, ಕಿವುಚಿ, ನೀರು ಬೆರೆಸಿ, ಸಾಸಿವೆ ಮೆಣಸಿನ ಒಗ್ಗರಣೆ ಕೊಡ್ತಾನೆ ಅಷ್ಟೇ. ಅನ್ನಕ್ಕೆ ಕಲಸೋದು ನೆಪ, ಅಸಲಿಗೆ ಲೋಟದಲ್ಲಿ ಕುಡಿಯೋದು. ಕುಡಿದ ಹತ್ತು ನಿಮಿಷಕ್ಕೆ ಕಣ್ಣು ಎಳೆಯುತ್ತೆ. ರಾತ್ರಿ ಆನ್‌ಕಾಲ್ ಇರುವವರು ದೂರ ಇರಿ.

ಎರಡು, ದೊಡ್ಡಪತ್ರೆ ತಂಬುಳಿ. ಮೇಲೆ ಹೇಳಿದ ಗಾರ್ಡನ್ ವ್ಯೂ ತಟ್ಟೆಗೇ ಬರುತ್ತದೆ.

ಮೂರು, ಮುದ್ದೆ. ನಾನು ತುಮಕೂರು ಕಡೆಯವನು, ಮುದ್ದೆ ಇಲ್ಲದಿದ್ದರೆ ಊಟ ಆದ ಹಾಗೇ ಅನ್ನಿಸಲ್ಲ ಅಂತ ಒಂದು ದಿನ ಬಾಯಿ ತಪ್ಪಿ ಹೇಳಿದ್ದೆ. ಭಟ್ಟ ಹುಟ್ಟಿದ ಮೇಲೆ ಮುದ್ದೆ ಮುಟ್ಟಿದವನಲ್ಲ. ಯೂಟ್ಯೂಬ್ ನೋಡಿ ಮಾಡಿದ. ಮೊದಲ ಸಲ ಅದನ್ನು ಸ್ಪೂನಿನಲ್ಲಿ ತಿಂದೆವು, ಎರಡನೇ ಸಲ ಚಾಕು ಬೇಕಾಯಿತು. ಮೂರನೇ ಸಲ ಗಂಟಿಲ್ಲದ ದುಂಡನೆ ಮುದ್ದೆ, ಪಕ್ಕದಲ್ಲಿ ಅಪ್ಪೆಹುಳಿ! ಅಮ್ಮನಿಗೆ ಈ ಕಾಂಬಿನೇಶನ್ ಹೇಳಿದೆ, ಫೋನ್ ಇಟ್ಟುಬಿಟ್ಟರು.

ವಿದೇಶಿ ವಿಭಾಗವೂ ಇದೆ. ಸಾಸಿವೆ, ಕರಿಬೇವು, ಕಾಯಿತುರಿ ಹಾಕಿದ ಪಾಸ್ತಾ. ಇದಕ್ಕೆ ಐತಿಹಾಸಿಕ ಆಧಾರ ಇದೆ ಅಂತ ಅವನ ವಾದ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಟಲಿಯ ಯುದ್ಧಕೈದಿಗಳನ್ನು ಜಾಲಹಳ್ಳಿಯಲ್ಲಿ ಇಟ್ಟಿದ್ದು ನಿಜ. ಆದರೆ ಈ ಪಾಸ್ತಾ ಬಡಿಸಿದ್ದರೆ ಅವರೆಲ್ಲ ಯುದ್ಧ ಮುಗಿಯೋ ಮೊದಲೇ ಬೇಲಿ ಹಾರಿರೋರು.

ಬಿಲ್ಲು:
ಕೊಡಲ್ಲ. ತಿಂದವರೇ ಪಾತ್ರೆ ತೊಳೆಯಬೇಕು. ಜಿ.ಎಸ್.ಟಿ. ಅಂದರೆ ಒಲೆಯನ್ನೂ ಒರೆಸಬೇಕು.

ಇಲ್ಲಿವರೆಗೆ ತಮಾಷೆ. ಇದನ್ನೆಲ್ಲ ಊಟ ಮಾಡ್ತಾ ಮಾಡ್ತಾ ಅವನ ಎದುರಿಗೇ ಎಷ್ಟೋ ಸಲ ಹೇಳಿದ್ದೇನೆ, ಅವನೂ ನಕ್ಕಿದ್ದಾನೆ. ಆದರೆ ಮೂರು ತಿಂಗಳ ಹಿಂದೆ ಅವನ ಕಂಪನಿಯಲ್ಲಿ ಒಂದಷ್ಟು ಜನರನ್ನು ಮನೆಗೆ ಕಳಿಸಿದರು. ಆ ಪಟ್ಟಿಯಲ್ಲಿ ಇವನೂ ಇದ್ದ. ಎರಡು ತಿಂಗಳು ಇಂಟರ್‌ವ್ಯೂ ಅಂತ ಓಡಾಡಿದ. ಆಮೇಲೆ ಒಂದು ದಿನ ಜಾಲಹಳ್ಳಿ ಕ್ರಾಸ್ ಹತ್ತಿರ ಒಂದು ಅಂಗಡಿ ನೋಡಿಕೊಂಡು ಬಂದ. ಅಡ್ವಾನ್ಸ್ ನಾಲ್ಕು ಲಕ್ಷ, ಬಾಡಿಗೆ ಮೂವತ್ತೆಂಟು ಸಾವಿರ. ಕೈಯಲ್ಲಿರೋದು ಒಟ್ಟು ಆರು ಲಕ್ಷ. ಊರಲ್ಲಿ ಅಪ್ಪ ಅಮ್ಮನಿಗೆ ಕೆಲಸ ಹೋದ ವಿಷಯವನ್ನೇ ಇನ್ನೂ ಹೇಳಿಲ್ಲ. ಸಾರು ಬಡಿಸುತ್ತಾ ಕೇಳಿದ, "ತಮಾಷೆ ಬಿಟ್ಟು ಹೇಳು ಮಾರಾಯ. ಜನ ದುಡ್ಡು ಕೊಟ್ಟು ತಿಂತಾರಾ ಇದನ್ನ?"

ಸಾರು ಗಂಟಲಲ್ಲೇ ನಿಂತಿತು. ಆವತ್ತು ಏನೂ ಹೇಳಲಿಲ್ಲ. ಎರಡು ದಿನ ಯೋಚನೆ ಮಾಡಿ ಹೇಳಿದ್ದು ಇಷ್ಟು.

ರುಚಿ ಬಗ್ಗೆ ನನಗೆ ಅನುಮಾನ ಇಲ್ಲ. ಅನುಮಾನ ಇರೋದು ನಾಳೆಯ ರುಚಿ ಬಗ್ಗೆ. ಈ ಎರಡು ವರ್ಷದಲ್ಲಿ ನಿನ್ನ ಸಾರು ಎರಡು ಸಲ ಒಂದೇ ಥರ ಆಗಿದ್ದನ್ನ ನಾನು ಕಂಡಿಲ್ಲ. ಕೊತ್ತಂಬರಿ ಮುಗಿದಿದ್ದರೆ ಜೀರಿಗೆ ಜಾಸ್ತಿ, ಮನಸ್ಸು ಸರಿ ಇಲ್ಲದಿದ್ದರೆ ಮೆಣಸು ಜಾಸ್ತಿ. ಮನೆಯಲ್ಲಿ ಅದು ಚೆಂದ. ಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಎಂ.ಟಿ.ಆರ್.ನವರು ರವೆಯಲ್ಲಿ ಇಡ್ಲಿ ಮಾಡಿದರು ಅನ್ನೋ ಕಥೆ ಎಲ್ಲರಿಗೂ ಗೊತ್ತು. ಇಲ್ಲದ್ದಕ್ಕೆ ಇನ್ನೊಂದು ಹಾಕೋದು ನಿನಗೂ ಬರುತ್ತೆ. ಆದರೆ ಅವರು ಮಾರನೇ ದಿನವೂ ಅದನ್ನೇ ಮಾಡಿದರು, ಅದರ ಮಾರನೇ ದಿನವೂ. 1975ರ ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ಬೆಲೆ ಇಳಿಸಿ, ಹೋಟೆಲ್ ನಡೆಸೋಕೆ ಆಗದೆ ಬಾಗಿಲು ಹಾಕಬೇಕಾಗಿ ಬಂದಾಗ ಅವರ ಕೈ ಹಿಡಿದದ್ದೂ ಅದೇ. ಆ ಒಂದೇ ಅಳತೆಯನ್ನ ಪ್ಯಾಕೆಟ್ಟಿಗೆ ತುಂಬಿ ಮಾರಿದರು. ವಿದ್ಯಾರ್ಥಿ ಭವನ 1943ರಿಂದ ಇದೆ. ಅಲ್ಲಿ ಕ್ಯೂ ನಿಲ್ಲೋರು ಹೊಸ ರುಚಿ ಹುಡುಕಿಕೊಂಡು ಬಂದವರಲ್ಲ, ಹೋದ ಸಲ ತಿಂದಿದ್ದನ್ನೇ ತಿನ್ನೋಕೆ ಬಂದವರು. ನಾಲ್ಕು ಲಕ್ಷ ಕೊಡೋ ಮೊದಲು ಒಂದು ಸಾರನ್ನ ಹತ್ತು ದಿನ ಒಂದೇ ಥರ ಮಾಡಿ ತೋರಿಸು.

ಭಟ್ಟ ಏನೂ ಮಾತಾಡಲಿಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋದ. ಆವತ್ತು ಪಾತ್ರೆಯನ್ನೂ ಅವನೇ ತೊಳೆದ. ನನಗೆ ಅದೇ ಹೆದರಿಕೆ ಆಯಿತು.

ಮಾರನೇ ದಿನ ಮೆಸೇಜ್ ಬಂತು, 'ಬರ್ತಾ ಒಂದು ತೂಕದ ಮಷೀನ್ ತಗೊಂಡು ಬಾ.'

ಗ್ರಾಂ ಲೆಕ್ಕದ ಚಿಕ್ಕ ಮಷೀನ್ ತಗೊಂಡು ಹೋದೆ. ಒಂದು ನೋಟ್ ಬುಕ್ ಕೂಡ. ಬೇಳೆ ಇಷ್ಟು, ಹುಣಿಸೆಹಣ್ಣು ಇಷ್ಟು, ಪುಡಿ ಇಷ್ಟು, ಒಲೆ ಮೇಲೆ ಇಷ್ಟು ನಿಮಿಷ ಅಂತ ದಿನಾ ಬರೆದಿಟ್ಟ. ಕೋಡಿಗೆ ಯಾವತ್ತೂ ಕಾಮೆಂಟ್ ಬರೆಯದ ಮನುಷ್ಯ ಸಾರಿಗೆ ವರ್ಷನ್ ನಂಬರ್ ಕೊಟ್ಟ. ಹತ್ತು ದಿನ ಅಂದಿದ್ದಕ್ಕೆ ನಾನೂ ಹತ್ತೂ ದಿನ ಹೋದೆ. ಮೊದಲ ನಾಲ್ಕು ದಿನ ಹೆಚ್ಚುಕಡಿಮೆ ಆಯಿತು. ಐದನೇ ದಿನದಿಂದ ಹತ್ತನೇ ದಿನದವರೆಗೆ ಕಣ್ಣು ಮುಚ್ಚಿ ಕುಡಿದರೂ ಅದೇ ಸಾರು. ಅದೇ ಹುಳಿ, ಅದೇ ಖಾರ, ಅದೇ ಬಣ್ಣ.

ಹತ್ತನೇ ರಾತ್ರಿ ಭಟ್ಟ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದ. ನಾನು ಬಾಲ್ಕನಿಯಲ್ಲಿ ನಿಂತು ದೊಡ್ಡಪತ್ರೆ ಎಲೆ ಎಣಿಸ್ತಾ ಇದ್ದೆ. ಆ ಕಡೆಯಿಂದ ಏನು ಹೇಳಿದರೋ ಗೊತ್ತಿಲ್ಲ, ಇವನು ಮಾತ್ರ "ಹೌದು ಅಪ್ಪಯ್ಯ... ಇಲ್ಲೆ ಅಪ್ಪಯ್ಯ..." ಅನ್ನುತ್ತಲೇ ಇದ್ದ. ಅಡ್ವಾನ್ಸ್ ಕೊಡಲು ಈ ತಿಂಗಳ ಕೊನೆಯವರೆಗೆ ಟೈಮ್ ಇದೆ. ಕೊಡ್ತಾನೆ ಅಂತಲೇ ನನಗೆ ಅನ್ನಿಸ್ತಿದೆ.

ವಿಮರ್ಶಕನ ಅಂತಿಮ ತೀರ್ಪು: ಹೋಟೆಲಿಗೆ ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಸ್ವಂತ ಕಾರಣಕ್ಕೆ. ಆ ಸಾರು ಚೆನ್ನಾಗೇ ಇದೆ, ದುಡ್ಡು ಕೊಟ್ಟು ಕುಡಿಯಬಹುದು. ಆದರೆ ಇವತ್ತು ಮನಸ್ಸು ಹೇಗಿದೆ ಅಂತ ಬಾಯಿ ಬಿಟ್ಟು ಕೇಳದೆ ಸಾರಿನಲ್ಲೇ ತಿಳಿದುಕೊಳ್ತಿದ್ದೆನಲ್ಲ, ಇನ್ನು ಮೇಲೆ ಅವನನ್ನೇ ಕೇಳಬೇಕು.