ಅಗೆದವರ ಚೀಟಿಗಳು

ಚಿನ್ನದ ಕಿರೀಟಕ್ಕಿಂತ ಆ ಕಿರೀಟದ ಬಗ್ಗೆ ಬರೆದಿಟ್ಟ ಚೀಟಿಯೇ ಚೆಂದ ಎಂದರೆ ಯಾರು ನಂಬುತ್ತಾರೆ? ಆದರೂ ನನ್ನ ಮಟ್ಟಿಗೆ ಅದು ನಿಜ. ದಕ್ಷಿಣ ಇರಾಕಿನ ಉರ್ ಎಂಬ ಸುಮೇರಿಯನ್ ನಗರದ ದಿಬ್ಬವನ್ನು ಲಿಯೊನಾರ್ಡ್ ವೂಲಿ 1922ರಿಂದ 1934ರವರೆಗೆ, ಚಳಿಗಾಲಕ್ಕೊಂದು ಸಲದಂತೆ ಹನ್ನೆರಡು ಸಲ ಅಗೆದ. ಅಲ್ಲಿ ಸಿಕ್ಕ ಚಿನ್ನ, ಬೆಳ್ಳಿ, ನೀಲಿ ಕಲ್ಲಿನ ಚಿತ್ರಗಳು ಶಾಲೆಯ ಚರಿತ್ರೆ ಪುಸ್ತಕಗಳಿಗೂ ಬಂದಿವೆ. ಅವು ಮಣ್ಣಿನಿಂದ ಮೇಲೆದ್ದ ದಿನ ಬರೆದ ಸಾವಿರಾರು ಕಾರ್ಡುಗಳು ಮಾತ್ರ ಬಹುಕಾಲ ಮ್ಯೂಸಿಯಮ್ಮಿನ ಕಪಾಟುಗಳಲ್ಲೇ ಇದ್ದವು. ಈಗ ಅವನ್ನೆಲ್ಲ ಸ್ಕ್ಯಾನ್ ಮಾಡಿ 'ಉರ್ ಆನ್‌ಲೈನ್' ಎಂಬ ತಾಣದಲ್ಲಿ ಇಟ್ಟಿದ್ದಾರೆ. ಕಾಸು ಕೇಳುವುದಿಲ್ಲ, ವಿದ್ವತ್ತಿನ ಸರ್ಟಿಫಿಕೇಟೂ ಕೇಳುವುದಿಲ್ಲ. ರಾತ್ರಿ ಊಟವಾದ ಮೇಲೆ ನಾನು ಹೋಗಿ ಕೂರುವ ಜಗಲಿ ಅದೇ.

ಆ ಕಾರ್ಡುಗಳಲ್ಲಿ ನೋಡುವಂಥದ್ದೇನೂ ಇಲ್ಲ ಎಂದು ಮೊದಲ ನೋಟಕ್ಕೆ ಅನ್ನಿಸೀತು. 'ಯು' ಅಕ್ಷರದಿಂದ ಶುರುವಾಗುವ ಒಂದು ಕ್ರಮಸಂಖ್ಯೆ. ವಸ್ತು ಏನು, ಯಾವ ಗೋರಿಯದು, ಎಷ್ಟು ಉದ್ದ, ಯಾವ ಸ್ಥಿತಿಯಲ್ಲಿತ್ತು ಎಂಬ ನಾಲ್ಕಾರು ಸಾಲು. ಎಷ್ಟೋ ಕಾರ್ಡುಗಳ ಮೂಲೆಯಲ್ಲಿ ಅವಸರದ ಒಂದು ಪುಟ್ಟ ರೇಖಾಚಿತ್ರ. ಒಂದು ಮಡಕೆ, ಒಂದು ತಾಮ್ರದ ಸೂಜಿ, ಒಂದು ಮಣಿಸರ. ಹತ್ತಿಪ್ಪತ್ತು ಕಾರ್ಡು ಸರಿಸುತ್ತ ಹೋದಂತೆ ಕೈಬರಹಗಳ ಪರಿಚಯವಾಗುತ್ತದೆ. ಒಂದು ಕೈ ಅಕ್ಷರವನ್ನು ಮುದ್ದೆ ಮಾಡುತ್ತದೆ, ಇನ್ನೊಂದು ಕೈ ಮಡಕೆಯ ಅಂಚನ್ನು ಎಳೆಯುವಾಗ ಎಂದೂ ನಡುಗುವುದಿಲ್ಲ. ಬರೆದದ್ದನ್ನು ಯಾರೋ ಆಮೇಲೆ ಹೊಡೆದುಹಾಕಿದ್ದಾರೆ. ಅಲ್ಲಿಗೆ ನನ್ನ ಬೆರಳು ನಿಲ್ಲುತ್ತದೆ. ಏಕೆ ಹೊಡೆದರು?

ಈ ಆಟಕ್ಕೆ ಇನ್ನೊಂದು ಮಜಲಿದೆ. ಉರ್‌ನಲ್ಲಿ ಸಿಕ್ಕಿದ್ದೆಲ್ಲ ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ತೊಟ್ಟಿಮನೆಯ ಪಾತ್ರೆ ಪರಟಿಯಂತೆ ಚದುರಿಹೋಗಿದೆ. ಒಂದು ಭಾಗ ಬಾಗ್ದಾದಿನಲ್ಲಿ ಉಳಿಯಿತು. ಮಿಕ್ಕದ್ದನ್ನು ಖರ್ಚು ಕೊಟ್ಟ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಮತ್ತು ಫಿಲಡೆಲ್ಫಿಯಾದ ಪೆನ್ ಮ್ಯೂಸಿಯಂ ಹಂಚಿಕೊಂಡವು. ಇರಾಕಿನ ಪರವಾಗಿ ಪಾಲಿಗೆ ಕೂತವಳು ಗರ್ಟ್ರೂಡ್ ಬೆಲ್. ಒಂದು ಸಲ ಚಿನ್ನದ ಸ್ಕಾರಬ್, ಅಂದರೆ ಜೀರುಂಡೆಯಾಕಾರದ ತಾಯಿತ, ಒಂದು ಯಾರಿಗೆ ಎಂದು ಬಗೆಹರಿಯದೆ ರೂಪಾಯಿ ಚಿಮ್ಮಿ ನೋಡಿದರು, ಬೆಲ್ ಗೆದ್ದಳು. ಆಗ ಇರಾಕಿನಲ್ಲಿ ಚಲಾವಣೆಯಲ್ಲಿದ್ದದ್ದು ನಮ್ಮ ರೂಪಾಯಿಯೇ. ಹೀಗೆ ಬೇರೆಬೇರೆಯಾದ ವಸ್ತುಗಳನ್ನು ಎರಡು ಮ್ಯೂಸಿಯಂಗಳೂ ಸೇರಿ ಈ ತಾಣದಲ್ಲಿ ಮತ್ತೆ ಒಂದೇ ಸೂರಿನಡಿ ತಂದಿವೆ. ಗೋರಿಯ ಸಂಖ್ಯೆ ಕೊಟ್ಟರೆ ಸಾಕು, ಅಲ್ಲಿನ ಮಣಿ, ಬಟ್ಟಲು, ಹಳೆಯ ಫೋಟೋ, ಕಾರ್ಡು ಎಲ್ಲ ಸಾಲಾಗಿ ಬಂದು ಕೂರುತ್ತವೆ.

ಪಿ.ಜಿ. 800 ಎಂದು ಕೊಟ್ಟು ನೋಡಿ. ರಾಣಿ ಪುಅಬಿಯ ಗೋರಿ ತೆರೆಯುತ್ತದೆ. ಅವಳ ಹೆಸರು ಗೊತ್ತಾದದ್ದು ಪಕ್ಕದಲ್ಲಿ ಸಿಕ್ಕ ಸಿಲಿಂಡರ್ ಮುದ್ರೆಯಿಂದ. ವೂಲಿ ಅದನ್ನು ಶುಬ್-ಆದ್ ಎಂದು ಓದಿಕೊಂಡಿದ್ದ, ಹಾಗಾಗಿ ಹಳೆಯ ಬರಹಗಳಲ್ಲಿ ಅವಳು ಶುಬ್-ಆದ್ ಆಗಿಯೇ ಇದ್ದಾಳೆ. ಹುಡುಕುವವರು ಎರಡೂ ಹೆಸರಿನಿಂದ ಕೂಗಬೇಕು. ಚಿನ್ನದ ಎಲೆಗಳ ಆ ಕಿರೀಟವನ್ನು ಜನ ನೋಡುವಂತೆ ಜೋಡಿಸಿದವಳು ವೂಲಿಯ ಹೆಂಡತಿ ಕ್ಯಾಥರೀನ್. ಆ ಕಾಲದ ಹೆಣ್ಣಿನ ತಲೆಬುರುಡೆಯೊಂದರ ಅಚ್ಚು ತೆಗೆದು, ಅದರ ಮೇಲೆ ಮೇಣದಲ್ಲಿ ಮುಖ ಮಾಡಿ ಕೂರಿಸಿದಳು. ಕ್ಯಾಥರೀನಳ ಸಿಡುಕು ಎಷ್ಟು ಪ್ರಸಿದ್ಧವೆಂದರೆ, ಅಗಾಥಾ ಕ್ರಿಸ್ಟಿ ಅವಳನ್ನೇ ಹೋಲುವ ಪಾತ್ರವೊಂದನ್ನು ಕಾದಂಬರಿಯಲ್ಲಿ ಕೊಲ್ಲಿಸಿ ಸಮಾಧಾನಪಟ್ಟುಕೊಂಡಳು ಎಂಬ ಚೇಷ್ಟೆಯ ಮಾತು ಇವತ್ತಿಗೂ ಓಡಾಡುತ್ತದೆ. ಕ್ರಿಸ್ಟಿಗೆ ತನ್ನ ಎರಡನೆಯ ಗಂಡ, ವೂಲಿಯ ಸಹಾಯಕ ಮ್ಯಾಕ್ಸ್ ಮ್ಯಾಲೊವನ್, ಸಿಕ್ಕಿದ್ದೂ ಇದೇ ದಿಬ್ಬದಲ್ಲಿ, 1930ರಲ್ಲಿ. ಇರಲಿ.

ವೂಲಿಯ ಬಗ್ಗೆ ನನಗಿರುವ ಗೌರವಕ್ಕೆಲ್ಲ ಮೂಲ ಅವನು ಅಗೆಯದೆ ಬಿಟ್ಟ ನಾಲ್ಕು ವರ್ಷ. ಮೊದಲ ಋತುವಿನಲ್ಲೇ ಅಗೆದ ಒಂದು ಕಂದಕದಲ್ಲಿ ಚಿನ್ನದ ಮಣಿಗಳು ಕಾಣಿಸಿದವು. ಬೇರೆ ಯಾರಾಗಿದ್ದರೂ ಹಗಲುರಾತ್ರಿ ಗುದ್ದಲಿ ಹಾಕಿಸುತ್ತಿದ್ದರು. ವೂಲಿ ಅದನ್ನು ಹಾಗೆಯೇ ಬಿಟ್ಟು ದೇವಾಲಯದ ಕಡೆ ನಡೆದ. ಕೆಲಸಗಾರರ ಕೈ ಇನ್ನೂ ಪಳಗಿಲ್ಲ, ತನಗೂ ಈ ಮಣ್ಣಿನ ಪರಿಚಯ ಸಾಲದು ಎಂಬುದು ಅವನ ಲೆಕ್ಕ. ಮತ್ತೆ ಅಲ್ಲಿಗೆ ಬಂದದ್ದು 1926ರಲ್ಲಿ. ಆ ಹೊತ್ತಿಗೆ ಮೇಸ್ತ್ರಿ ಶೇಖ್ ಹಮೂದಿಯ ಗರಡಿಯಲ್ಲಿ ಆ ಕೈಗಳು ಎಷ್ಟು ಹದವಾಗಿದ್ದವೆಂದರೆ, ಕೊಳೆತುಹೋದ ಮರದ ವೀಣೆ ಮಣ್ಣಿನಲ್ಲಿ ಬಿಟ್ಟಿದ್ದ ಬರಿಯ ತೂತುಗಳನ್ನೂ ಗುರುತಿಸಿ, ಅದರೊಳಗೆ ಪ್ಲಾಸ್ಟರ್ ಹೊಯ್ದು, ಇಲ್ಲದ ವೀಣೆಯ ಆಕಾರವನ್ನು ಮೇಲೆತ್ತುವಷ್ಟು. ಕೆಲಸ ಜಗ್ಗಿದ ದಿನ ಹಮೂದಿ ಗುದ್ದಲಿಯನ್ನೇ ಹುಟ್ಟಾಗಿ ಹಿಡಿದು ಯೂಫ್ರೆಟಿಸ್‌ನ ಅಂಬಿಗನಂತೆ ಹಾಡುತ್ತಿದ್ದನಂತೆ. ಅವನ ಮಗ ಯಾಹ್ಯಾ ಕ್ಯಾಮೆರಾ ಹಿಡಿದ. ನಾನು ತೆರೆಯ ಮೇಲೆ ದೊಡ್ಡದು ಮಾಡಿ ನೋಡುವ ಎಷ್ಟೋ ಕಪ್ಪುಬಿಳುಪು ಫೋಟೋಗಳು ಅವನವು. ಪುಸ್ತಕಗಳು ಅವನ ಹೆಸರನ್ನು ಅಡಿಟಿಪ್ಪಣಿಗೂ ತರುವುದು ಅಪರೂಪ.

ಉರ್‌ನಲ್ಲಿ ನಾನು ಅತಿ ಹೆಚ್ಚು ಸುತ್ತಾಡುವ ಜಾಗ ಪಿ.ಜಿ. 1237. ವೂಲಿ ಅದನ್ನು ಮಹಾ ಸಾವಿನ ಗುಂಡಿ ಎಂದು ಕರೆದ. ಎಪ್ಪತ್ನಾಲ್ಕು ದೇಹಗಳು, ಅದರಲ್ಲಿ 68 ಹೆಂಗಸರು, ಸಾಲಾಗಿ, ಶೃಂಗಾರದೊಂದಿಗೆ. ಹಲವರ ಕೂದಲಿಗೆ ಚಿನ್ನದ ಪಟ್ಟಿ, ಕೆಲವರಿಗೆ ಬೆಳ್ಳಿಯದು. ಬೆಳ್ಳಿ ಮಣ್ಣಿನಲ್ಲಿ ಬಾಳುವುದಿಲ್ಲ, ನೇರಳೆ ಬಣ್ಣದ ಪುಡಿಯಾಗಿ ಉಳಿದಿತ್ತು. ಒಬ್ಬಳ ತಲೆಯ ಮೇಲೆ ಮಾತ್ರ ಏನೂ ಇರಲಿಲ್ಲ. ಅವಳ ಸೊಂಟದ ಹತ್ತಿರ ಸುರುಳಿ ಸುತ್ತಿದ ಬೆಳ್ಳಿಯ ಪಟ್ಟಿ ಹಾಗೆಯೇ ಇತ್ತು. ಬಟ್ಟೆಯೊಳಗೆ ಸುರುಳಿಯಾಗಿ ಇದ್ದದ್ದರಿಂದಲೇ ಉಳಿದುಕೊಂಡಿತ್ತು. ಹೊರಡಲು ತಡವಾಗಿ, ಮುಡಿಯಲು ಪುರಸೊತ್ತಾಗದೆ ಜೇಬಿಗೆ ಹಾಕಿಕೊಂಡು ಓಡಿಬಂದಿರಬೇಕು ಎಂದು ವೂಲಿ ಬರೆದ. ಓದಿದವರಾರೂ ಆ ಹುಡುಗಿಯನ್ನು ಮರೆಯಲಾರರು. ಅವರೆಲ್ಲ ತಾವಾಗಿ ವಿಷ ಕುಡಿದು ಮಲಗಿದರು ಎಂದೂ ಬರೆದ, ಸುತ್ತ ಬಿದ್ದಿದ್ದ ಬಟ್ಟಲುಗಳನ್ನು ನೋಡಿ.

ಆದರೆ ಪೆನ್ ಮ್ಯೂಸಿಯಂನವರು ಉರ್‌ನ ಎರಡು ತಲೆಬುರುಡೆಗಳನ್ನು ಸಿ.ಟಿ. ಸ್ಕ್ಯಾನ್ ಮಾಡಿಸಿ 2009ರಲ್ಲಿ ಬೇರೆಯದೇ ಸುದ್ದಿ ಕೊಟ್ಟರು. ಒಂದು ಒಬ್ಬ ಸೈನಿಕನದು, ಇನ್ನೊಂದು ಇದೇ ಗುಂಡಿಯ ಹೆಣ್ಣಿನದು. ಎರಡರಲ್ಲೂ ಮೊನಚಾದ ಆಯುಧದಿಂದ ಹೊಡೆದ ತೂತು. ದೇಹ ಕೆಡದಿರಲೆಂದು ಕಾಯಿಸಿದ, ಪಾದರಸದ ಅಂಶ ಬಳಸಿದ ಗುರುತೂ ಇತ್ತು. ಶಾಂತವಾಗಿ ವಿಷ ಕುಡಿದ ಕಥೆಗೆ ಅಲ್ಲಿಗೆ ಪೆಟ್ಟು ಬಿತ್ತು. ಈ ಸಂಶೋಧನೆಗೆ ದಾರಿಯಾದದ್ದು, ಪುಡಿಪುಡಿಯಾಗಿದ್ದ ಬುರುಡೆಗಳನ್ನೂ ಮೇಣ ಹಾಕಿ ಎತ್ತಿಸಿ, ಯಾವುದು ಎಲ್ಲಿಯದೆಂದು ಗುರುತು ಬರೆಸಿಟ್ಟ ಅದೇ ವೂಲಿ. ನನಗೆ ಈ ಕಾರ್ಡುಗಳ ಹುಚ್ಚು ಹಿಡಿದಿರುವುದು ಇದಕ್ಕೇ. ಕಥೆ ಹಳಸುತ್ತದೆ, ಅಳತೆ ಹಳಸುವುದಿಲ್ಲ. ಕಾರ್ಡಿನಲ್ಲಿ ವಿಷದ ಸುದ್ದಿಯಿಲ್ಲ. ಬಟ್ಟಲು ಎಲ್ಲಿತ್ತು ಎಂದಷ್ಟೇ ಇದೆ. ಅಲ್ಲಿಂದ ಮುಂದೆ ಯೋಚಿಸುವ ಹಕ್ಕು ವೂಲಿಗೆ ಎಷ್ಟಿತ್ತೋ ನನಗೂ ಅಷ್ಟೇ ಇದೆ, ಯೋಗ್ಯತೆಯ ಮಾತು ಬೇರೆ.

ಪ್ರವಾಹದ ಕಥೆಯೂ ಇಂಥದ್ದೇ. ಆಳದ ಗುಂಡಿಯೊಂದರಲ್ಲಿ ಮಡಕೆ ಚೂರುಗಳು ಮುಗಿದು, ಎಂಟು ಅಡಿಗೂ ಮಿಕ್ಕು ಬರೀ ಮೆಕ್ಕಲು ಮಣ್ಣು, ಅದರ ಕೆಳಗೆ ಮತ್ತೆ ಚೂರುಗಳು. ವೂಲಿ 1929ರಲ್ಲಿ ಇದು ಬೈಬಲ್ಲಿನ ಜಲಪ್ರಳಯ ಎಂದು ಸಾರಿದ, ಪತ್ರಿಕೆಗಳು ಕುಣಿದಾಡಿದವು. ಆಮೇಲಿನವರು ಅದನ್ನು ಒಂದು ಊರಿನ ನೆರೆ ಎಂದು ಇಳಿಸಿದರು. ಮೆಕ್ಕಲಿನ ಅಳತೆ ಮಾತ್ರ ಅದೇ ಇದೆ. ಇಷ್ಟು ಒಳ್ಳೆಯ ಸರಕು ಪುಕ್ಕಟೆಯಾಗಿ ಸಿಗುವ ಇದೇ ಇಂಟರ್ನೆಟ್ಟಿನಲ್ಲಿ, ಸುಮೇರಿಯನ್ನರು ಬೇರೆ ಗ್ರಹದಿಂದ ಬಂದ ದೇವತೆಗಳಿಗೆ ಚಿನ್ನ ತೋಡಿಕೊಡುತ್ತಿದ್ದರು ಎಂಬ ವಿಡಿಯೋಗಳೂ ಸಿಗುತ್ತವೆ. ನಗಾರಿಯ ಹಿನ್ನೆಲೆ ಸಂಗೀತ, ಗಡಸು ದನಿ. ಅವನ್ನು ನನಗೆ ವಾಟ್ಸಾಪಿನಲ್ಲಿ ಕಳಿಸುವ ಬಂಧುಗಳಿಗೆ ನಾನು ಉತ್ತರವಾಗಿ ಒಂದೊಂದು ಮಡಕೆಯ ಕಾರ್ಡು ಕಳಿಸುತ್ತೇನೆ. ಸಂಬಂಧ ಇನ್ನೂ ಉಳಿದಿದೆ.

ಒಂದು ಕಾರ್ಡು ಎಲ್ಲೆಲ್ಲಿಗೋ ಎಳೆದುಕೊಂಡು ಹೋಗುತ್ತದೆ. ಪುಅಬಿಯ ಮೈಮೇಲಿದ್ದ ಉದ್ದುದ್ದ ಕೆಂಪು ಕಾರ್ನೀಲಿಯನ್ ಮಣಿಗಳ ಬೆನ್ನು ಹತ್ತಿದರೆ ಸಿಂಧೂ ಕಣಿವೆಗೆ ಬಂದು ಮುಟ್ಟುತ್ತೇವೆ. ಅಲ್ಲಿಂದ 'ಹರಪ್ಪ ಡಾಟ್ ಕಾಂ' ತೆರೆದರೆ ಗುಜರಾತಿನ ಖಂಭಾತದಲ್ಲಿ ಇಂದಿಗೂ ಅದೇ ಕಲ್ಲನ್ನು ಸುಟ್ಟು, ಒಡೆದು, ಕೊರೆಯುವ ಕುಶಲಕರ್ಮಿಗಳು ಕಾಣುತ್ತಾರೆ. ಇನ್ನೊಂದು ದಾರಿ ನೇರ ನಮ್ಮ ಚಿತ್ರದುರ್ಗಕ್ಕೇ ಬರುತ್ತದೆ. ಭಾರತದ ಪುರಾತತ್ವ ಇಲಾಖೆ ಹೇಗೆ ನಡೆಯುತ್ತಿದೆ ನೋಡಿ ಹೇಳಿ ಎಂದು ಆಗಿನ ಸರ್ಕಾರ ಕರೆಸಿದ್ದು ಇದೇ ವೂಲಿಯನ್ನು. 1939ರಲ್ಲಿ ಅವನು ಕೊಟ್ಟ ವರದಿ ಖಾರವಾಗಿತ್ತು. ಅದರ ಫಲವಾಗಿಯೇ 1944ರಲ್ಲಿ ಮಾರ್ಟಿಮರ್ ವ್ಹೀಲರ್ ಇಲಾಖೆಯ ಮುಖ್ಯಸ್ಥನಾಗಿ ಬಂದ. 1947ರಲ್ಲಿ ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿ, ಬಿ.ಎಲ್. ರೈಸ್ 1892ರಲ್ಲಿ ಅಶೋಕನ ಶಾಸನ ಕಂಡಿದ್ದ ಜಾಗದಲ್ಲೇ, ಅಗೆದ. ಆ ವರದಿ 'ಏನ್ಶಿಯೆಂಟ್ ಇಂಡಿಯಾ' ಪತ್ರಿಕೆಯ ನಾಲ್ಕನೆಯ ಸಂಚಿಕೆಯಲ್ಲಿದೆ, ಅದೂ ಆನ್‌ಲೈನಿನಲ್ಲಿ ಸಿಗುತ್ತದೆ. ಕಲ್ಲುಕೊಡಲಿಯವರ ಪದರ, ಅದರ ಮೇಲೆ ಬೃಹತ್ ಶಿಲಾಗೋರಿಗಳವರದು, ಅದರ ಮೇಲೆ ಸಾತವಾಹನ ಕಾಲದ್ದು ಎಂದು ಗೆರೆ ಕೊರೆದಂತೆ ಬಿಡಿಸಿದ ಗುಂಡಿಯ ಅಡ್ಡಛೇದದ ಚಿತ್ರಗಳನ್ನು ಒಂದು ಸಂಜೆ ಪೂರ್ತಿ ನೋಡಬಹುದು. ನಮ್ಮಲ್ಲಿ ಎಷ್ಟೋ ಅಗೆತಗಳ ವರದಿಗಳು ದಶಕಗಳಾದರೂ ಹೊರಬರುವುದಿಲ್ಲ. ವ್ಹೀಲರ್ ಅಹಂಕಾರಿಯೇ ಇರಲಿ, ಅಗೆದದ್ದನ್ನು ಬೇಗ ಅಚ್ಚು ಹಾಕಿಸುತ್ತಿದ್ದ. ಅದೊಂದಕ್ಕೇ ಅವನ ಮೀಸೆಯನ್ನು ಕ್ಷಮಿಸಬಹುದು.

ಇಷ್ಟೆಲ್ಲ ತೆರೆಯ ಮೇಲೆ ನಡೆಯುವ ವ್ಯವಹಾರ. ಮನೆಯ ನಡುಮನೆಗೆ ಇಳಿದುಬಂದದ್ದು ಒಂದೇ, ಉರ್‌ನ ಆಟದ ಹಲಗೆ. ರಾಜಗೋರಿಗಳಲ್ಲಿ ವೂಲಿಗೆ ಇಂಥ ಹಲವು ಹಲಗೆಗಳು ಸಿಕ್ಕಿದವು. ಇಪ್ಪತ್ತು ಮನೆ, ಅದರಲ್ಲಿ ಐದು ಹೂವಿನ ಮನೆ. ಕ್ರಿ.ಪೂ. 2600ರ ಸುಮಾರಿನವು. ಆಡುವುದು ಹೇಗೆಂದು ಯಾರಿಗೂ ತಿಳಿದಿರಲಿಲ್ಲ. ಬ್ರಿಟಿಷ್ ಮ್ಯೂಸಿಯಂನ ಅರ್ವಿಂಗ್ ಫಿಂಕಲ್, ಬಿಳಿಗಡ್ಡದ ಋಷಿಯಂಥ ಮನುಷ್ಯ, ಬ್ಯಾಬಿಲೋನಿನ ಲಿಪಿಕಾರನೊಬ್ಬ ಕ್ರಿ.ಪೂ. 177ರಲ್ಲಿ ಜೇಡಿಮಣ್ಣಿನ ಮೇಲೆ ಬರೆದಿಟ್ಟಿದ್ದ ನಿಯಮಗಳನ್ನು ಓದಿ ಆಟವನ್ನು ಮತ್ತೆ ಕಟ್ಟಿದ. ಯೂಟ್ಯೂಬಿನಲ್ಲಿ ಅವನು ಆಡುವುದನ್ನು ನೋಡಬೇಕು, ಗೆದ್ದಾಗ ಅವನಿಗಾಗುವ ಖುಷಿ ಯಾವ ಮಗುವಿಗೂ ಕಡಿಮೆಯಲ್ಲ. ಇದೇ ಬಗೆಯ ಆಟವನ್ನು ನಮ್ಮ ಕೊಚ್ಚಿಯ ಯಹೂದಿಗಳು ತೀರ ಈಚಿನವರೆಗೂ ಆಡುತ್ತಿದ್ದರು ಎಂಬುದನ್ನೂ ಪತ್ತೆ ಮಾಡಿದವನು ಅವನೇ.

ರಟ್ಟಿನ ಮೇಲೆ ಹಲಗೆ ಬರೆದೆ. ಸುಮೇರಿಯನ್ನರ ದಾಳ ನಾಲ್ಕು ಮೂಲೆಯ ಪುಟ್ಟ ಪಿರಮಿಡ್ಡು. ಅದರ ಬದಲು ನಾಲ್ಕು ಕವಡೆ ತೆಗೆದುಕೊಂಡೆ. ಎದುರಿಗೆ ಕೂತವಳು ಅಮ್ಮ, ಚೌಕಾಬಾರದಲ್ಲಿ ಇಡೀ ಬೀದಿಯನ್ನು ಸೋಲಿಸಿದವಳು. ನಿಯಮಗಳನ್ನು ಹೇಳತೊಡಗಿದೆ. ಹೂವಿನ ಮನೆಯಲ್ಲಿ ನಿಂತ ಕಾಯಿಯನ್ನು ಹೊಡೆಯುವ ಹಾಗಿಲ್ಲ ಎಂದದ್ದೇ, "ಅಂದರೆ ಕಟ್ಟೆಮನೆ, ಮುಂದೆ ಹೇಳು" ಎಂದಳು. ನಡುವಿನ ಸಾಲು ಇಬ್ಬರಿಗೂ ಸೇರಿದ್ದು, ಅಲ್ಲಿ ಸಿಕ್ಕಿದರೆ ಹೊಡೆತ ಎಂದಾಗ ಕಣ್ಣು ಅರಳಿತು. ಜಗಳ ಬಂದದ್ದು ನಾಲ್ಕೂ ಕವಡೆ ಬೋರಲು ಬಿದ್ದಾಗ.

"ಸೊನ್ನೆ" ಎಂದೆ.

"ಎಂಟು" ಎಂದಳು. "ನಾಲ್ಕೂ ಬೋರಲು ಬಿದ್ದರೆ ಎಂಟಲ್ಲದೆ ಸೊನ್ನೆ ಯಾವ ಊರಿನಲ್ಲಿದೆ?"

ಒಂದು ಕಾಯಿ ನಡೆಯಬೇಕಾದದ್ದು ಹದಿನಾಲ್ಕು ಮನೆ, ಎಂಟು ಬಿದ್ದರೆ ಅರ್ಧಕ್ಕಿಂತ ಹೆಚ್ಚು ದಾರಿ ಒಂದೇ ನೆಗೆತಕ್ಕೆ ಮುಗಿದುಹೋಗುತ್ತದೆ ಎಂದು ವಾದಿಸಿದೆ. ಫಿಂಕಲ್‌ನ ಹೆಸರು ಹೇಳಿದೆ. ಆ ನಿಯಮ ಬರೆದದ್ದು ಯಾವಾಗ, ಹಲಗೆ ಮಾಡಿದ್ದು ಯಾವಾಗ ಎಂದು ಕೇಳಿದಳು. ನಡುವೆ ಎರಡು ಸಾವಿರದ ನಾನೂರು ವರ್ಷಗಳ ಅಂತರವಿದೆ ಎಂದು ಹೇಳದೆ ವಿಧಿಯಿರಲಿಲ್ಲ. "ಅಷ್ಟು ವರ್ಷದಲ್ಲಿ ಯಾರಾದರೂ ಎಂಟನ್ನು ಸೊನ್ನೆ ಮಾಡಿರಬಹುದಲ್ಲ?" ಎಂದಳು. ಪುರಾವೆಯ ಮಟ್ಟಿಗೆ ಇದಕ್ಕೆ ನನ್ನಲ್ಲಿ ಉತ್ತರವಿಲ್ಲ, ಬಹುಶಃ ಫಿಂಕಲ್‌ನಲ್ಲೂ ಇರಲಾರದು. ಹಾಗಾಗಿ ನಮ್ಮ ಮನೆಯ ಉರ್‌ನಲ್ಲಿ ಸದ್ಯಕ್ಕೆ ಬೋರಲು ಬಿದ್ದರೆ ಎಂಟೇ, ಮೇಲೊಂದು ಗರವೂ ಉಂಟು. ಏಳೂ ಕಾಯಿಗಳನ್ನು ಹಣ್ಣು ಮಾಡಿಕೊಂಡು ಅವಳೇ ಗೆಲ್ಲುತ್ತಿದ್ದಾಳೆ.