ಹಿಂದಕ್ಕೆ ಕರೆಯುವ ಕಾಗದ

ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದ ಬಳಿಕ, ಮನೆಗೆ ಬರುವ ಕಾಗದಪತ್ರಗಳನ್ನು ವಿಂಗಡಿಸುವ ಅಧಿಕಾರವು ನಮ್ಮ ಪಾಲಿಗೆ ಬಂದಿದೆ. ಕಳೆದ ಶ್ರಾವಣದಲ್ಲಿ ನಮ್ಮ ಮಗನ ಹೆಸರಿಗೆ, ಅವನ ವಿದ್ಯುತ್ ಮೋಟಾರು ಗಾಡಿಯನ್ನು ತಯಾರಿಸಿದವರಿಂದ ಒಂದು ಲಕ್ಕೋಟೆ ಬಂದಿತು. ಜಾಹೀರಾತಾಗಿರಬೇಕೆಂದು ಭಾವಿಸಿ, ಅದನ್ನು ಹಳೆಯ ಪಂಚಾಂಗದ ಕೆಳಗೆ ಇಟ್ಟು ಮರೆತೆವು. ಇಪ್ಪತ್ತು ದಿನಗಳ ತರುವಾಯ ಸೊಸೆಯು ಧೂಳು ಕೊಡಹುವಾಗ ಅದನ್ನು ಕಂಡು, ಒಡೆದು ಓದಿ, “ಮಾವ, ಇದು ಬಂದು ಎಷ್ಟು ದಿನವಾಯಿತು?” ಎಂದು ಕೇಳಿದಳು. ಬ್ಯಾಟರಿಯಲ್ಲಿ ದೋಷವಿರಬಹುದಾದುದರಿಂದ ಗಾಡಿಯನ್ನು ಪರೀಕ್ಷೆಗೆ ತರಬೇಕೆಂದೂ, ಅದುವರೆಗೆ ರಾತ್ರಿಯ ಹೊತ್ತು ಮನೆಯೊಳಗೆ ಅದಕ್ಕೆ ವಿದ್ಯುತ್ತನ್ನು ತುಂಬಬಾರದೆಂದೂ ಅದರಲ್ಲಿ ಬರೆದಿತ್ತು. ಆ ಇಪ್ಪತ್ತು ರಾತ್ರಿಗಳೂ ಗಾಡಿಗೆ ಕೆಳಗಿನ ಷೆಡ್ಡಿನಲ್ಲಿಯೇ ವಿದ್ಯುತ್ತು ತುಂಬುತ್ತಿತ್ತು; ಅದರ ಮೇಲಿನ ಕೋಣೆಯಲ್ಲಿ ನಮ್ಮ ಮೊಮ್ಮಗನು ಮಲಗುತ್ತಿದ್ದನು.

ದೈವಕೃಪೆಯಿಂದ ಅನರ್ಥವೇನೂ ಸಂಭವಿಸಲಿಲ್ಲ. ಮಗನು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಮನಸ್ಸು ಹಗುರವಾಗುತ್ತಿತ್ತು. ನಾವಾದರೋ ನಮ್ಮ ತಪ್ಪನ್ನು ಮುಚ್ಚಿಕೊಳ್ಳುವುದಕ್ಕಾಗಿ, “ಕೆಟ್ಟ ಗಾಡಿಯನ್ನು ಮಾರಿ ಈಗ ಕಾಗದ ಬರೆಯುವರಲ್ಲ!” ಎಂದು ಸಿಡಿಮಿಡಿಗೊಂಡೆವು. ಆಗ ಅವನು, “ಅಪ್ಪ, ಇದನ್ನು ಓದಿ ನೋಡಿ” ಎಂದು ಅಮೆರಿಕ ದೇಶದಲ್ಲಿ ನಡೆದ ಇಂತಹುದೇ ಒಂದು ಪ್ರಸಂಗದ ವೃತ್ತಾಂತವನ್ನು ನಮ್ಮ ಕೈಗಿತ್ತನು.

ಅಲ್ಲಿನ ಜನರಲ್ ಮೋಟಾರ್ಸ್ ಸಂಸ್ಥೆಯವರು ‘ಷೆವ್ರೊಲೆ ಬೋಲ್ಟ್’ ಎಂಬ ವಿದ್ಯುತ್ ಗಾಡಿಯನ್ನು 2016ರ ಕೊನೆಯಿಂದ ಮಾರುತ್ತಿದ್ದರು. ನಿಲ್ಲಿಸಿದ್ದ ಗಾಡಿಗೆ ಬೆಂಕಿ ಹೊತ್ತಿತೆಂದು ಬೆರಳೆಣಿಕೆಯ ದೂರುಗಳು ಬಂದವು. ಸಾವಿರಾರು ಗಾಡಿಗಳ ನಡುವೆ ಅಷ್ಟು ದೂರುಗಳು ಏತರವೆಂದು ಕಡೆಗಣಿಸಬಹುದಾಗಿತ್ತು. ಆದರೆ 2020ರ ಅಕ್ಟೋಬರಿನಲ್ಲಿ ಆ ದೇಶದ ರಸ್ತೆ ಸುರಕ್ಷತೆಯ ಇಲಾಖೆಯು ವಿಚಾರಣೆಗೆ ತೊಡಗಿತು. ನವೆಂಬರಿನಲ್ಲಿ ಸಂಸ್ಥೆಯವರು ಸುಮಾರು 68,000 ಗಾಡಿಗಳನ್ನು ಹಿಂದಕ್ಕೆ ಕರೆದು, ಬ್ಯಾಟರಿಯನ್ನು ನೂರಕ್ಕೆ 90ಕ್ಕಿಂತ ಹೆಚ್ಚು ತುಂಬಬಾರದೆಂದು ವಿಧಿಸಿದರು. ಆಗ ಮಾಡಿದ ಚಿಕಿತ್ಸೆಯು ಸಾಲದೆ ಹೋಯಿತು; ಅದನ್ನು ಪಡೆದಿದ್ದ ಗಾಡಿಗಳಲ್ಲಿಯೂ ಬೆಂಕಿ ಕಾಣಿಸಿತು. 2021ರ ಜುಲೈನಲ್ಲಿ ಎರಡನೆಯ ಸಲ ಕರೆದರು. ಆಗಸ್ಟಿನಲ್ಲಿ ಅದುವರೆಗೆ ತಯಾರಿಸಿದ ಸುಮಾರು 1,42,000 ಬೋಲ್ಟ್ ಗಾಡಿಗಳನ್ನೂ ಕರೆದರು.

ಕಾರಣವನ್ನು ಕೇಳಿದರೆ ವಾಚಕರಿಗೆ ಆಶ್ಚರ್ಯವಾದೀತು. ಬ್ಯಾಟರಿಯ ಪ್ರತಿಯೊಂದು ಕೋಶದಲ್ಲಿಯೂ ಎರಡು ಧ್ರುವಗಳ ನಡುವೆ ಅವು ಒಂದಕ್ಕೊಂದು ತಾಗದಂತೆ ತೆಳ್ಳನೆಯ ಪರದೆಯೊಂದಿರುತ್ತದೆ. ಎಲ್ಲಿಯೋ ಒಂದು ಕೋಶದಲ್ಲಿ ಋಣಧ್ರುವದ ಪಟ್ಟಿಯು ಹರಿದು, ಅದೇ ಕೋಶದಲ್ಲಿ ಆ ಪರದೆಯೂ ಮಡಿಚಿಕೊಂಡಿದ್ದರೆ, ಅಗ್ನಿಯ ಭಯವುಂಟು. ಒಂದೇ ಕೋಶದಲ್ಲಿ ಎರಡು ದೋಷಗಳೂ ಸೇರುವುದು ಬಹು ವಿರಳ. ಆದರೆ ಆ ಕೋಶವು ಯಾರ ಮನೆಯಲ್ಲಿದೆಯೆಂಬುದನ್ನು ಹೊರಗಿನಿಂದ ನೋಡಿ ಹೇಳಬಲ್ಲವರು ಯಾರು? ಆದುದರಿಂದಲೇ ಎಲ್ಲವನ್ನೂ ಕರೆಯಬೇಕಾಯಿತು. ಗಾಡಿಯ ಒಡೆಯರು ಪಟ್ಟ ಪಾಡೂ ಅಲ್ಪವಲ್ಲ. ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಬೇಕು, ರಾತ್ರಿ ಮನೆಯೊಳಗೆ ವಿದ್ಯುತ್ತು ತುಂಬಬಾರದು ಎಂದರೆ, ಬಯಲೇ ಇಲ್ಲದ ಪಟ್ಟಣವಾಸಿಗಳು ಏನು ಮಾಡಬೇಕು? ಅವರು ಗೊಣಗಿದುದು ನ್ಯಾಯವೇ. ಕಡೆಗೆ ಅನೇಕರಿಗೆ ಹೊಸ ಬ್ಯಾಟರಿಗಳನ್ನು ಬೆಲೆಯಿಲ್ಲದೆ ಹಾಕಿಕೊಟ್ಟರು. ಕೋಶಗಳನ್ನು ಒದಗಿಸಿದ್ದ ಎಲ್‌ಜಿ ಸಂಸ್ಥೆಯು ಇದರ ವೆಚ್ಚಕ್ಕಾಗಿ 190 ಕೋಟಿ ಡಾಲರುಗಳವರೆಗೆ ತೆರಲು ಒಪ್ಪಿಕೊಂಡಿತು.

ಇದನ್ನು ಓದಿ ಮುಗಿಸಿದಾಗ ನಮ್ಮ ಕೋಪವಿಳಿದು, ಬಹುಕಾಲದ ಹಿಂದಿನ ಒಂದು ತರಗತಿಯು ಕಣ್ಣೆದುರಿಗೆ ನಿಂತಿತು. ಸಂಧಿಗಳನ್ನು ಬರೆಯಿಸುತ್ತಿದ್ದಾಗ ಬಾಯಿತಪ್ಪಿ ‘ಮಹೌಷಧ’ ಎಂಬ ಶಬ್ದವನ್ನು ಗುಣಸಂಧಿಯ ಪಟ್ಟಿಯಲ್ಲಿ ಸೇರಿಸಿಬಿಟ್ಟೆವು. ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು, “ಸಾರ್, ಅದು ಹೇಗೆ ಗುಣಸಂಧಿ?” ಎಂದನು. ನಾವು ಗದರಿಸಿ ಕೂರಿಸಿದೆವು. ಸಂಜೆ ಮನೆಯಲ್ಲಿ ನೋಡಿಕೊಂಡರೆ ಹುಡುಗನ ಸಂದೇಹವೇ ಸರಿ. ಮರುದಿನ ಹೇಳಿದ್ದರೆ ಒಂದು ನಿಮಿಷದ ಕೆಲಸ. ನಲವತ್ತು ಮಕ್ಕಳೆದುರಿಗೆ ನಾಲಗೆ ಏಳಲಿಲ್ಲ. ನಲವತ್ತು ಪುಸ್ತಕಗಳಲ್ಲಿ ಆ ತಪ್ಪು ಹಾಗೆಯೇ ಉಳಿಯಿತು. ಆ ಹುಡುಗನು ಮತ್ತೆಂದೂ ನಮ್ಮನ್ನು ಪ್ರಶ್ನೆ ಕೇಳಲಿಲ್ಲ.

ತಪ್ಪು ಮಾಡದ ಕೈಯಿಲ್ಲ. ಅದನ್ನು ಹಿಂದಕ್ಕೆ ಕರೆಯುವ ಬಾಯಿಯು ದುರ್ಲಭ. ಆ ಬಾಯಿಯನ್ನು ತೆರೆಯಿಸತಕ್ಕವರು ಎದ್ದು ನಿಂತು ದೂರುವವರು. ನಮ್ಮ ದೇಶದಲ್ಲಿಯೂ 2019ರಲ್ಲಿ ಮೋಟಾರು ವಾಹನಗಳ ಕಾನೂನನ್ನು ತಿದ್ದಿ, ದೋಷವುಳ್ಳ ಗಾಡಿಗಳನ್ನು ಹಿಂದಕ್ಕೆ ಕರೆಯುವಂತೆ ತಯಾರಕರಿಗೆ ಆಜ್ಞಾಪಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದ್ದಾರೆ. ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಗಾಡಿಯಲ್ಲಿ ದೋಷ ಕಂಡರೆ ‘ನಮ್ಮೊಬ್ಬರದೇ ಹಣೆಬರಹ’ ಎಂದು ಸುಮ್ಮನಿರದೆ ತಿಳಿಸಿರಿ, ತಯಾರಕರ ಕಾಗದ ಬಂದರೆ ಅಂದೇ ಒಡೆದು ಓದಿರಿ.

ಇನ್ನು ನಮ್ಮ ಆ ಹಳೆಯ ಶಿಷ್ಯರಲ್ಲಿ ಯಾರಾದರೂ ಈ ಪುಟವನ್ನು ಓದುತ್ತಿದ್ದರೆ, ಅವರು ದಯವಿಟ್ಟು ತಿದ್ದಿಕೊಳ್ಳತಕ್ಕದ್ದು: ಮಹಾ, ಔಷಧ ಇವೆರಡೂ ಸೇರಿ ‘ಮಹೌಷಧ’, ಅದು ವೃದ್ಧಿಸಂಧಿ. ಹಿಂದಿನ ಸಾಲಿನ ಹುಡುಗನು ಕೇಳಿದ್ದು ಸರಿಯಾಗಿತ್ತು.