ತಿರುಗಿಸಿ ಮಡಚುವ ಲ್ಯಾಪ್‌ಟಾಪ್: 11 ಸಾವಿರ ಹೆಚ್ಚು ಕೊಟ್ಟದ್ದಕ್ಕೆ ಏನು ಸಿಕ್ಕಿತು?

ಹಾವೇರಿ ಜಿಲ್ಲೆಯಲ್ಲಿ ನಾನು ಅರೆಕಾಲಿಕ ವರದಿಗಾರ. ಸಂಬಳವಿಲ್ಲ, ಸುದ್ದಿಗೆ ಇಷ್ಟು ಅಂತ ಲೆಕ್ಕ. ಅಂಥವನು 38 ಸಾವಿರ ರೂಪಾಯಿ ಕೊಟ್ಟು ಟಚ್‌ಸ್ಕ್ರೀನ್ ಲ್ಯಾಪ್‌ಟಾಪ್ ತಂದರೆ ಜನ ಕೇಳದೇ ಇರುತ್ತಾರೆಯೇ? 'ಫೋನ್ ಐತಿ, ಅದರಾಗ ಆಗದಿದ್ದು ಇದರಾಗ ಏನ್ ಆಕ್ಕೈತ್ರಿ ಸರ?' ಎಂದು ಬ್ಯಾಡಗಿ ಮಾರುಕಟ್ಟೆಯ ಹಮಾಲರಿಂದ ಹಿಡಿದು ಊರಿನ ಕಿರಾಣಿ ಅಂಗಡಿಯವರವರೆಗೆ ಎಲ್ಲರೂ ಕೇಳಿದ್ದಾರೆ. ನಾಲ್ಕು ತಿಂಗಳು ದಿನವೂ ಬಳಸಿದ ಮೇಲೆ ಈಗ ಉತ್ತರ ಹೇಳಬಹುದು ಅನ್ನಿಸಿದೆ.

ಮೊದಲು ಇದೇನು ವಸ್ತು ಅಂತ ಹೇಳಿಬಿಡುತ್ತೇನೆ. ಸಾಮಾನ್ಯ ಲ್ಯಾಪ್‌ಟಾಪ್ ಪುಸ್ತಕದ ಹಾಗೆ ತೆರೆದು ಒಂದು ಹಂತಕ್ಕೆ ನಿಲ್ಲುತ್ತದೆ. ಇದು ಹಾಗಲ್ಲ. ಇದರ ಕೀಲು 360 ಡಿಗ್ರಿ ತಿರುಗುತ್ತದೆ. ಪೂರ್ತಿ ಹಿಂದಕ್ಕೆ ಮಡಚಿದರೆ ದೊಡ್ಡ ಟ್ಯಾಬ್ ಆಗುತ್ತದೆ. ಅರ್ಧ ಮಡಚಿ ಬೋರಲು ನಿಲ್ಲಿಸಿದರೆ ಮೇಜಿನ ಮೇಲಿಡುವ ಕ್ಯಾಲೆಂಡರ್ ಹಾಗೆ ನಿಲ್ಲುತ್ತದೆ. ಪರದೆಯನ್ನು ಬೆರಳಿನಿಂದಲೂ ಪೆನ್ನಿನಿಂದಲೂ ಮುಟ್ಟಿ ಕೆಲಸ ಮಾಡಬಹುದು. ಇದಕ್ಕೆ ಕನ್ವರ್ಟಿಬಲ್ ಅಂತ ಹೆಸರು. 2012ರಲ್ಲಿ ವಿಂಡೋಸ್ 8 ಬಂದಾಗ ಲೆನೊವೊ ಕಂಪನಿ ಯೋಗ ಎಂಬ ಹೆಸರಿನಲ್ಲಿ ಇಂಥದ್ದನ್ನು ತಂದಿತು. ಈಗ ಹೆಚ್ಚುಕಡಿಮೆ ಎಲ್ಲ ಕಂಪನಿಗಳೂ ಮಾಡುತ್ತವೆ.

ನನ್ನದು ಹೊಸದಲ್ಲ. ಬೆಂಗಳೂರಿನ ಯಾವುದೋ ಆಫೀಸಿನಲ್ಲಿ ಬಳಸಿ ಬಿಟ್ಟದ್ದನ್ನು ಸರಿಮಾಡಿ ಮಾರುವ ಅಂಗಡಿಯಿಂದ ತಂದದ್ದು. 14 ಇಂಚಿನ ಪರದೆ, 8 ಜಿಬಿ ರ್ಯಾಮ್, 256 ಜಿಬಿ ಸಂಗ್ರಹ, ತೂಕ ಒಂದೂವರೆ ಕೆಜಿಗೆ ಸ್ವಲ್ಪ ಹೆಚ್ಚು. 13 ಸಾವಿರ ನನ್ನ ಕೈಯಲ್ಲಿತ್ತು. ಉಳಿದ 25 ಸಾವಿರವನ್ನು ಹೆಂಡತಿ ತನ್ನ ಸ್ತ್ರೀಶಕ್ತಿ ಸಂಘದಿಂದ ಸಾಲ ತೆಗೆದುಕೊಟ್ಟಳು. ವಾರಕ್ಕೆ 560 ರೂಪಾಯಿ ಕಂತು, 50 ವಾರ. ಕಂತು ಕಟ್ಟುವುದು ಅವಳ ಹೊಲಿಗೆ ದುಡ್ಡಿನಿಂದ. ಹಾಗಾಗಿ 'ಇದು ಬೇಕಿತ್ತೋ ಬೇಡವೋ' ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಪ್ರತಿ ವಾರ ಸಂಘದ ಸಭೆಯ ದಿನ ತಾನಾಗಿಯೇ ಎದ್ದು ಕೂರುತ್ತದೆ.

ಅದೇ ಅಂಗಡಿಯಲ್ಲಿ ಇಷ್ಟೇ ಶಕ್ತಿಯ, ಆದರೆ ತಿರುಗದ, ಟಚ್ ಇಲ್ಲದ ಲ್ಯಾಪ್‌ಟಾಪ್ 27 ಸಾವಿರಕ್ಕೆ ಇತ್ತು. ಆದ್ದರಿಂದ ನಾನು ತೂಗಿ ನೋಡಬೇಕಾದದ್ದು 38 ಸಾವಿರವನ್ನಲ್ಲ. ಲ್ಯಾಪ್‌ಟಾಪ್ ಅಂತೂ ಬೇಕೇಬೇಕಿತ್ತು. ಫೋನಿನಲ್ಲಿ 600 ಪದದ ವರದಿ ಬರೆದು, ತಿದ್ದಿ, ಫೋಟೊ ಸೇರಿಸಿ ಕಳಿಸುವ ಕಷ್ಟ ನನ್ನಂಥವರಿಗೆಲ್ಲ ಗೊತ್ತು. ತಿರುಗುವ ಕೀಲಿಗೆ, ಮುಟ್ಟುವ ಗಾಜಿಗೆ ಹೆಚ್ಚಿಗೆ ಕೊಟ್ಟ 11 ಸಾವಿರಕ್ಕೆ ಏನು ಸಿಕ್ಕಿತು ಎಂಬುದೇ ಲೆಕ್ಕ.

ಸಿಗದೇ ಇದ್ದದ್ದನ್ನು ಮೊದಲು ಹೇಳುತ್ತೇನೆ.

ಬರವಣಿಗೆಗೆ ಟಚ್ ಏನೂ ಸಹಾಯ ಮಾಡುವುದಿಲ್ಲ. ನಾನು ಕಲಿತದ್ದು ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ, ನುಡಿಯಲ್ಲಿ ಇರುವುದೂ ಅದೇ. ಕೆ, ಎಫ್, ಕೆ ಒತ್ತಿದರೆ 'ಕ್ಕ' ಬರಬೇಕು. ಬೆರಳುಗಳಿಗೆ ಅದು ಅಭ್ಯಾಸವಾಗಿದೆ, ಕಣ್ಣು ಮುಚ್ಚಿಯೂ ಬರೆಯಬಲ್ಲೆ. ಟ್ಯಾಬ್ ಮಾಡಿಕೊಂಡು ಗಾಜಿನ ಮೇಲೆ ಒತ್ತಕ್ಷರ ಹುಡುಕುತ್ತಾ ಕುಳಿತರೆ ಅರ್ಧ ತಾಸಿನ ಕೆಲಸಕ್ಕೆ ಒಂದೂವರೆ ತಾಸು. ವಿಂಡೋಸ್‌ನಲ್ಲಿ 2019ರಿಂದ ಕನ್ನಡದ ಫೊನೆಟಿಕ್ ಕೀಬೋರ್ಡ್ ಸೇರಿದೆ, ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರಣೆ ಬರೆದರೆ ಕನ್ನಡ ಮೂಡುತ್ತದೆ. ಹೊಸಬರಿಗೆ ಅದು ಅನುಕೂಲ. ಆದರೆ ಅದಕ್ಕೂ ನಿಜವಾದ ಕೀಲಿಮಣೆಯೇ ಚೆಂದ.

ಬಿಸಿಲಿನಲ್ಲಿ ಪರದೆ ಕಾಣುವುದಿಲ್ಲ. ಈಗಿನ ಒಳ್ಳೆಯ ಫೋನುಗಳ ಬೆಳಕು ಹೊಲದ ನಡುವೆಯೂ ಸಾಕಾಗುತ್ತದೆ. ಈ ದರದ ಲ್ಯಾಪ್‌ಟಾಪ್ ಪರದೆಗಳ ಬೆಳಕು ಸಾಮಾನ್ಯವಾಗಿ 250ರಿಂದ 300 ನಿಟ್ಸ್, ಅದು ಕೋಣೆಯೊಳಗಿನ ಲೆಕ್ಕ. ಮೇಲೆ ಟಚ್‌ಗಾಗಿ ಹಾಕಿದ ಗಾಜು ಕನ್ನಡಿಯ ಹಾಗೆ ಹೊಳೆಯುತ್ತದೆ. ಮಟಮಟ ಮಧ್ಯಾಹ್ನ ಅದರಲ್ಲಿ ನನ್ನ ಮುಖ ಕಾಣುತ್ತದೆಯೇ ಹೊರತು ಸುದ್ದಿ ಕಾಣುವುದಿಲ್ಲ. ಬೇವಿನ ಮರದ ನೆರಳೋ, ಬಸ್ ನಿಲ್ದಾಣದ ಒಳಗೋ ಹೋಗಲೇಬೇಕು.

ಟ್ಯಾಬ್ ಹಾಗೆ ಕೈಯಲ್ಲಿ ಹಿಡಿದು ನಿಂತು ಬಳಸುವುದು ಜಾಹೀರಾತಿನಲ್ಲಷ್ಟೇ ಸುಲಭ. ಒಂದೂವರೆ ಕೆಜಿಯನ್ನು ಒಂದೇ ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಬರೆದರೆ ಐದು ನಿಮಿಷಕ್ಕೆ ಮುಂಗೈ ಸೋಲುತ್ತದೆ. ಅದರ ಪೆನ್ನಿಗೆ ಬೇಕಾದ ಸೆಲ್ ರಿಮೋಟಿಗೆ ಹಾಕುವುದಕ್ಕಿಂತ ಸಣ್ಣದು, ನಮ್ಮ ಊರಿನ ಅಂಗಡಿಗಳಲ್ಲಿ ಸಿಗುವುದಿಲ್ಲ. ಆನ್‌ಲೈನ್‌ನಲ್ಲೇ ತರಿಸಬೇಕಾಯಿತು.

ಇನ್ನು ಬ್ಯಾಟರಿ. ಇದನ್ನು ಯಾರೂ ಅಂದಾಜಿನ ಮೇಲೆ ನಂಬಬೇಡಿ. ವಿಂಡೋಸ್‌ನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಯುವ ಸೌಲಭ್ಯವಿದೆ. ಅದರಲ್ಲಿ ಎರಡು ಸಂಖ್ಯೆ ನೋಡಬೇಕು: ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ. ನನ್ನದು 50 ವ್ಯಾಟ್ ಅವರ್ ಇದ್ದದ್ದು 41ಕ್ಕೆ ಇಳಿದಿದೆ, ಅಂದರೆ ನೂರಕ್ಕೆ 82. ಬರೆಯುವಾಗ ಗಂಟೆಗೆ ಸುಮಾರು 8 ವ್ಯಾಟ್ ಅವರ್ ಖರ್ಚಾದರೆ 5 ತಾಸು ಬರುತ್ತದೆ. ಬೆಳಕು ಪೂರ್ತಿ ಏರಿಸಿ ಫೋನಿನ ಹಾಟ್‌ಸ್ಪಾಟ್ ಹಚ್ಚಿದರೆ ಮೂರು ತಾಸು ಚಿಲ್ಲರೆ. ಕರೆಂಟ್ ಹೋದಾಗ ಆಸರೆಗೆಂದು ಪವರ್ ಬ್ಯಾಂಕ್ ಕೊಳ್ಳುವವರು 20,000 ಎಂಎಎಚ್ ಎಂಬ ದೊಡ್ಡ ಅಂಕಿ ನೋಡಿ ಹಿಗ್ಗಬೇಡಿ. ಅದನ್ನು 3.7 ವೋಲ್ಟ್‌ನಿಂದ ಗುಣಿಸಿದರೆ 74 ವ್ಯಾಟ್ ಅವರ್. ನಡುವೆ ಸೋರಿಹೋಗುವುದನ್ನು ಕಳೆದರೆ ನನ್ನ ಲ್ಯಾಪ್‌ಟಾಪಿಗೆ ಒಂದು ಸಲ ತುಂಬುವಷ್ಟು. ಅದೂ ಲ್ಯಾಪ್‌ಟಾಪಿಗೆ ಟೈಪ್ ಸಿ ಚಾರ್ಜಿಂಗ್ ಇದ್ದು, ಪವರ್ ಬ್ಯಾಂಕ್ 45 ಅಥವಾ 65 ವ್ಯಾಟ್ ಕೊಡುವಂಥದ್ದಾಗಿದ್ದರೆ ಮಾತ್ರ.

ಇಷ್ಟು ಓದಿದವರಿಗೆ 11 ಸಾವಿರ ದಂಡ ಅನ್ನಿಸಬಹುದು. ಆದರೆ ಸಿಕ್ಕಿದ್ದೂ ಇದೆ. ಅದು ಕಂಪನಿಯವರು ಹೇಳಿದ ಜಾಗದಲ್ಲಿ ಸಿಗಲಿಲ್ಲ.

ನಮ್ಮ ತಾಲ್ಲೂಕಿನ ಒಂದು ಊರಿನಲ್ಲಿ ಹೊಲಕ್ಕೆ ಹೋಗುವ ಬಂಡಿ ದಾರಿಯ ತಕರಾರಿದೆ. ಹಿಂದಿನ ಹೊಲದವರಿಗೆ ಸುಗ್ಗಿ ಮಾಲು ತರಲು ದಾರಿ ಇಲ್ಲ, ಮುಂದಿನ ಹೊಲದವರು ಉತ್ತುಬಿಟ್ಟಿದ್ದಾರೆ ಎಂಬ ದೂರು. ಇಂಥ ಸುದ್ದಿ ನಾನು ಹತ್ತಾರು ಬರೆದಿದ್ದೇನೆ. ಸಾಮಾನ್ಯವಾಗಿ ಇಬ್ಬರೂ ಕೈ ತೋರಿಸಿ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ, ಪೇಪರಿನಲ್ಲಿ ಬಂದ ಮೇಲೆ ಇಬ್ಬರೂ 'ನಾ ಹಂಗ ಹೇಳಿದ್ದಿಲ್ಲ' ಅನ್ನುತ್ತಾರೆ.

ಈ ಸಲ ಕಂದಾಯ ಇಲಾಖೆಯ ವೆಬ್‌ಸೈಟಿನಿಂದ ಆ ಊರಿನ ಗ್ರಾಮ ನಕ್ಷೆ ಇಳಿಸಿಕೊಂಡು ಹೋಗಿದ್ದೆ. ದೂರು ಕೊಟ್ಟ ಅಜ್ಜನ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಪೂರ್ತಿ ಮಡಚಿ ಚಾಪೆಯ ಮೇಲೆ ಹಾಸಿಟ್ಟೆ. ಅಜ್ಜನಿಗೆ ಓದು ಬರಹ ಬಾರದು. ಮೌಸ್ ಕೊಟ್ಟಿದ್ದರೆ ಮುಟ್ಟುತ್ತಲೇ ಇರಲಿಲ್ಲ. ಆದರೆ ಮೊಮ್ಮಗಳ ಫೋನಿನಲ್ಲಿ ಫೋಟೊ ದೊಡ್ಡದು ಮಾಡಿ ನೋಡಿದ ಅಭ್ಯಾಸವಿತ್ತು. ಎರಡು ಬೆರಳಿಟ್ಟು ನಕ್ಷೆಯನ್ನು ಹಿಗ್ಗಿಸಿದರು. ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು.

'ತಮ್ಮಾ, ಇದು ಹಳ್ಳ ಹೌದಲ್ಲೊ? ಹಂಗಾದ್ರ ಇದು ನಮ್ಮ ಹುಣಸಿಮರದ ಹೊಲ' ಎಂದರು. ಸರ್ವೆ ನಂಬರ್ ಓದಿ ನೋಡಿದೆ. ಅದೇ ಆಗಿತ್ತು.

ಪೆನ್ನು ಕೊಟ್ಟೆ. ತಾವು ಚಿಕ್ಕವರಿದ್ದಾಗಿನಿಂದ ಚಕ್ಕಡಿ ಹೋಗುತ್ತಿದ್ದ ದಾರಿಯನ್ನು ಕೆಂಪು ಗೆರೆಯಲ್ಲಿ ಎಳೆದರು. ಕೈ ನಡುಗುತ್ತಿತ್ತು, ಆದರೆ ಗೆರೆ ಎಲ್ಲಿ ತಿರುಗಬೇಕೋ ಅಲ್ಲಿಯೇ ತಿರುಗಿತು. ಅದೇ ಸಂಜೆ ಮುಂದಿನ ಹೊಲದವರ ಮನೆಗೂ ಹೋದೆ. ಅವರಿಗೆ ಅಜ್ಜನ ಗೆರೆ ಮುಚ್ಚಿಟ್ಟು ಖಾಲಿ ನಕ್ಷೆಯನ್ನೇ ತೋರಿಸಿದೆ. ಅವರು ನೀಲಿ ಗೆರೆ ಎಳೆದರು.

ರಾತ್ರಿ ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದೆ. ಹಳ್ಳದಿಂದ ಅರ್ಧ ದಾರಿಯವರೆಗೆ ಎರಡೂ ಗೆರೆ ಒಂದೇ. ಆಮೇಲೆ ಒಂದು ಬದುವಿನ ಹತ್ತಿರ ಮಾತ್ರ ಬೇರೆಯಾಗುತ್ತವೆ. ವರ್ಷಗಟ್ಟಲೆ 'ದಾರಿ ಐತಿ', 'ದಾರಿ ಇಲ್ಲ' ಎಂದು ನಡೆದ ಜಗಳ ನಿಜಕ್ಕೂ ಒಂದು ಬದುವಿನ ಜಗಳ. ಇಬ್ಬರನ್ನೂ ಬೇರೆ ಬೇರೆಯಾಗಿ ಕರೆದು ಎರಡು ಬಣ್ಣದ ನಕ್ಷೆ ತೋರಿಸಿದೆ. ಅಜ್ಜ ನೀಲಿ ಗೆರೆಯ ಮೇಲೆ ಬೆರಳಾಡಿಸಿ, 'ಹಂಗಾದ್ರ ಇಲ್ಲೀತನಾ ಅವ್ರೂ ಒಪ್ಪ್ಯಾರ' ಎಂದರು. ಮುಂದಿನ ಹೊಲದವರು ಏನೂ ಹೇಳಲಿಲ್ಲ. ಬಹಳ ಹೊತ್ತು ನೋಡಿ, ಚಹಾ ತರಿಸಿದರು.

ಇಬ್ಬರೂ ಎಳೆದ ಗೆರೆ ಮೋಜಣಿ ಅಲ್ಲ. ಅಳತೆ ಮಾಡುವುದು ಸರ್ವೆಯರ್ ಕೆಲಸ. ವರದಿಯಲ್ಲಿ ಅದನ್ನು ಸ್ಪಷ್ಟವಾಗಿ ಬರೆದೆ. ಕಳಿಸುವ ಮುಂಚೆ ಅವರವರು ಆಡಿದ ಮಾತಿನ ಭಾಗವನ್ನು ಅವರವರಿಗೆ ಓದಿ ಹೇಳಿದೆ. ಈ ಬಾರಿ 'ನಾ ಹಂಗ ಹೇಳಿದ್ದಿಲ್ಲ' ಎಂಬ ಫೋನ್ ಯಾರಿಂದಲೂ ಬರಲಿಲ್ಲ. ಅಳತೆಗೆ ಅರ್ಜಿ ಬಿದ್ದಿದೆ, ದಾರಿ ಇನ್ನೂ ತೆರೆದಿಲ್ಲ. ಈ ಸುಗ್ಗಿಯಲ್ಲೂ ಅಜ್ಜನ ಮನೆಯವರು ಚೀಲಗಳನ್ನು ತಲೆಯ ಮೇಲೆ ಹೊತ್ತೇ ರಸ್ತೆಗೆ ತಂದರು. ಯಂತ್ರ ತಕರಾರು ಬಗೆಹರಿಸಿತು ಅಂತ ನಾನು ಹೇಳುವುದಿಲ್ಲ. ಆದರೆ ತಕರಾರು ಎಷ್ಟು ಉದ್ದ ಅನ್ನುವುದು ಗೊತ್ತಾಯಿತು.

ಸಾಮಾನ್ಯ ಲ್ಯಾಪ್‌ಟಾಪಿನ ಪರದೆ ಬರೆಯುವವನ ಕಡೆ ಮುಖ ಮಾಡಿರುತ್ತದೆ. ಎದುರಿಗೆ ಕುಳಿತವರಿಗೆ ಕಾಣುವುದು ಅದರ ಬೆನ್ನು. ಸರ್ಕಾರಿ ಕಚೇರಿಗಳಲ್ಲಿ ನಾವೆಲ್ಲ ಅನುಭವಿಸಿದ್ದೇವಲ್ಲ, ಟೇಬಲ್ಲಿನ ಆಚೆಯವರು ಏನೋ ಒತ್ತುತ್ತಾರೆ, ಈಚೆ ನಿಂತವರು ಅವರ ಮುಖ ನೋಡಿ ಕೆಲಸ ಆಯಿತೋ ಇಲ್ಲವೋ ತಿಳಿದುಕೊಳ್ಳಬೇಕು. ಪರದೆ ನನ್ನೊಬ್ಬನ ಕಡೆ ಇದ್ದಷ್ಟು ದಿನ ನಾನೂ ಅದೇ ಆಚೆಯವನು. ತಿರುಗಿಸಿ ಅವರ ಮುಂದಿಟ್ಟಾಗ ಮಾತಿನ ಧಾಟಿಯೇ ಬೇರೆಯಾಗುತ್ತದೆ. ನನ್ನ ಕೆಲಸಕ್ಕೆ 11 ಸಾವಿರ ಸಂದದ್ದು ಇಲ್ಲಿ.

ಮನೆಯಲ್ಲೂ ಹಾಗೆಯೇ. ಹೊಲಿಗೆ ಯಂತ್ರದ ಪಕ್ಕ ಕ್ಯಾಲೆಂಡರ್ ಹಾಗೆ ನಿಲ್ಲಿಸಿಟ್ಟರೆ ಬ್ಲೌಸ್ ಹೊಲಿಸಲು ಬಂದವರು ತಾವೇ ಬೆರಳಾಡಿಸಿ ಕುತ್ತಿಗೆಯ ಡಿಸೈನ್ ಆರಿಸುತ್ತಾರೆ, ಹಿಗ್ಗಿಸಿ ಅಂಚು ನೋಡುತ್ತಾರೆ. 'ನೀ ಹೇಳಿದ್ದೊಂದು, ಹೊಲದಿದ್ದೊಂದು' ಎಂಬ ಮಾತು ಕಡಿಮೆಯಾಗಿದೆ ಎಂದು ಹೆಂಡತಿ ಹೇಳುತ್ತಾಳೆ. ಎರಡನೇ ತರಗತಿಯ ಮಗಳು ಪೆನ್ನು ಹಿಡಿದು 'ಳ' ತಿದ್ದುತ್ತಾಳೆ. ಇವೆಲ್ಲ ವಾರಕ್ಕೆ 560 ರೂಪಾಯಿ ದುಡಿದುಕೊಡುತ್ತವೆಯೇ ಎಂದು ಕೇಳಿದರೆ, ಇನ್ನೂ ಇಲ್ಲ. ಅರ್ಧದಷ್ಟು ಬಂದೀತು. ಉಳಿದರ್ಧ ನನ್ನ ಸುದ್ದಿಗಳ ಕಾಸಿನಿಂದ ಹೋಗುತ್ತದೆ.

ಹಾಗಾದರೆ ಯಾರು ಕೊಳ್ಳಬೇಕು? ಬರೀ ಟೈಪ್ ಮಾಡುವವರಿಗೆ, ಲೆಕ್ಕಪತ್ರ ಇಡುವವರಿಗೆ, ಕಾಲೇಜಿನ ಪ್ರಾಜೆಕ್ಟ್ ಬರೆಯುವವರಿಗೆ ಸಾದಾ ಲ್ಯಾಪ್‌ಟಾಪ್ ಸಾಕು. ಉಳಿದ ದುಡ್ಡಿಗೆ ಒಳ್ಳೆಯ ಬ್ಯಾಟರಿ ಇರುವುದನ್ನು ನೋಡಿ. ಎದುರಿನವರಿಗೆ ತೋರಿಸಿ, ಅವರ ಕೈಯಿಂದ ಮುಟ್ಟಿಸಿ ಮಾಡುವ ಕೆಲಸ ನಿಮ್ಮದಾಗಿದ್ದರೆ, ಅಂದರೆ ಶಿಕ್ಷಕರು, ಟೇಲರ್, ಮನೆ ಕಟ್ಟುವ ಮೇಸ್ತ್ರಿ, ಸಂಘದ ಪುಸ್ತಕ ಬರೆಯುವವರು, ನನ್ನಂಥ ವರದಿಗಾರರು, ಆಗ ಯೋಚಿಸಬಹುದು.

ಹಳೆಯದನ್ನು ಕೊಳ್ಳುವುದಾದರೆ ಅಂಗಡಿಯಲ್ಲೇ ಇಷ್ಟು ಮಾಡಿ. ಪರದೆಯ ಮೂಲೆ ಮೂಲೆಗೂ ಬೆರಳೆಳೆದು ಎಲ್ಲಿಯಾದರೂ ಸತ್ತಿದೆಯೇ ನೋಡಿ. ಕೀಲನ್ನು ಹತ್ತು ಸಲ ಪೂರ್ತಿ ತಿರುಗಿಸಿ. ಕಿರುಗುಟ್ಟಿದರೆ, ಸಡಿಲವಾಗಿದ್ದರೆ ಬೇಡ. ಹಿಂದಕ್ಕೆ ಮಡಚಿದಾಗ ಕೀಲಿಮಣೆ ತಾನಾಗಿ ಬಂದ್ ಆಗಬೇಕು. ಬ್ಯಾಟರಿ ರಿಪೋರ್ಟ್ ಕೇಳಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಸರಿಯಾಗಿ ನಡೆಯಲು ಇಂಟೆಲ್ ಆದರೆ 8ನೇ ತಲೆಮಾರು ಅಥವಾ ಅದರ ಮುಂದಿನದು ಬೇಕು. ಇಂಥ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ರ್ಯಾಮ್ ಬೆಸುಗೆ ಹಾಕಿರುತ್ತಾರೆ, ಆಮೇಲೆ ಏರಿಸಲು ಬರುವುದಿಲ್ಲ, 8 ಜಿಬಿಗಿಂತ ಕಡಿಮೆ ಬೇಡ. ಪರದೆ ಒಡೆದರೆ ಗಾಜು, ಡಿಸ್‌ಪ್ಲೇ ಎರಡೂ ಸೇರಿಯೇ ಬದಲಿಸಬೇಕಾಗಬಹುದು. ನನಗೆ ರಿಪೇರಿಯವರು ಹೇಳಿದ್ದು 14 ಸಾವಿರ. ತಂದ ದಿನವೇ ವೈಫೈ ಸೆಟ್ಟಿಂಗ್‌ನಲ್ಲಿ ಮೀಟರ್ಡ್ ಕನೆಕ್ಷನ್ ಆನ್ ಮಾಡಿ. ಇಲ್ಲದಿದ್ದರೆ ನಿಮ್ಮ ದಿನದ ಒಂದೂವರೆ ಜಿಬಿ ಡೇಟಾವನ್ನು ವಿಂಡೋಸ್ ಅಪ್‌ಡೇಟ್ ಬೆಳಗಿನ ಚಹಾಕ್ಕೆ ಮುಂಚೆಯೇ ಕುಡಿದು ಮುಗಿಸುತ್ತದೆ.

ಕೊಳ್ಳುವ ಮುಂಚೆ ಮುಟ್ಟಿ ನೋಡಬೇಕೆನ್ನುವವರು ಹಾವೇರಿ ಕಡೆ ಬಂದಾಗ ಹೇಳಿ, ನನ್ನದನ್ನೇ ಕೊಡುತ್ತೇನೆ. ಒಂದೇ ವಿನಂತಿ. ಬ್ಯಾಡಗಿ ಮಾರುಕಟ್ಟೆಯಿಂದ ನೇರವಾಗಿ ಬರುವವರು ದಯವಿಟ್ಟು ಕೈ ತೊಳೆದು ಬನ್ನಿ. ಮೆಣಸಿನಕಾಯಿ ಕೈಯಿಂದ ಮುಟ್ಟಿದ ಪರದೆಯನ್ನು ಒರೆಸಿ, ಅದೇ ಕೈಯಿಂದ ಕಣ್ಣು ಉಜ್ಜಿಕೊಂಡವನ ಕಷ್ಟ ಯಾವ ಕಂಪನಿಯ ಕೈಪಿಡಿಯಲ್ಲೂ ಬರೆದಿಲ್ಲ.